ಓದಿನ ಸಾಲಕ್ಕೆ ಸಂಬಳ ಜಪ್ತಿ: ಯಾರು ಮಾಡಬಹುದು, ಎಷ್ಟು ಮಾಡಬಹುದು?

ಶೆಟ್ಟಿಕೊಪ್ಪದ ಸುತ್ತಮುತ್ತ ಮಕ್ಕಳ ಎಂಜಿನಿಯರಿಂಗ್, ನರ್ಸಿಂಗ್ ಓದಿಗೆ ತೆಗೆದ ಸಾಲದ ಪತ್ರದಲ್ಲಿ ಅಪ್ಪ ಅಥವಾ ಅಮ್ಮನ ಸಹಿಯೂ ಇರುತ್ತದೆ. ಹಳದಿ ಎಲೆ ರೋಗ, ಎಲೆಚುಕ್ಕಿಯಿಂದ ಅಡಿಕೆ ತೋಟ ಸೊರಗಿದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಕಂತು ತಪ್ಪಿದ ಮನೆಗಳು ಇದ್ದೇ ಇವೆ. ‘ಸಂಬಳ ಜಪ್ತಿ ಮಾಡಿಸ್ತೀವಿ’ ಎಂದು ವಸೂಲಿಯವರು ಫೋನಿನಲ್ಲಿ ಹೇಳಿದರೆ ಹೆದರುವ ಮೊದಲು ಒಂದು ವಿಷಯ ತಿಳಿದಿರಲಿ. ಸಂಬಳಕ್ಕೆ ಕೈ ಹಾಕಲು ಇರುವ ದಾರಿ ಎರಡೇ: ಕೋರ್ಟಿನ ಆದೇಶ, ಇಲ್ಲವೇ ನಿಮ್ಮದೇ ಸಹಿ. ಮೊದಲನೆಯದಕ್ಕೆ ಕಾನೂನು ಬಿಗಿಯಾದ ಮಿತಿ ಹಾಕಿದೆ. ಹುಷಾರಾಗಿರಬೇಕಾದದ್ದು ಎರಡನೆಯದರಲ್ಲಿ.

ಕೋರ್ಟಿನ ದಾರಿ

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಸುಸ್ತಿಯಾದರೆ, ಕೋರ್ಟಿಗೆ ಹೋಗದೆಯೇ ಸಂಬಳದಲ್ಲಿ ಶೇ. 15ರವರೆಗೆ ಮುರಿದುಕೊಳ್ಳಬಹುದು. ನಮ್ಮಲ್ಲಿ ಹಾಗಿಲ್ಲ. ಬ್ಯಾಂಕು ದಾವೆ ಹೂಡಿ, ಡಿಕ್ರಿ ಪಡೆದು, ಆಮೇಲೆ ಅಮಲ್ಜಾರಿ ಅರ್ಜಿ ಹಾಕಬೇಕು. ಬಾಕಿ 20 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೆ ಇದೆಲ್ಲ ಸಿವಿಲ್ ಕೋರ್ಟಿನಲ್ಲೇ ನಡೆಯುತ್ತದೆ.

ಆಗಲೂ ಎಷ್ಟು ಮುರಿಯಬಹುದು ಎಂಬುದನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60 ನಿಗದಿ ಮಾಡಿದೆ. ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಪಾಲನ್ನು ಮುಟ್ಟುವಂತಿಲ್ಲ. ತಿಂಗಳಿಗೆ 31,000 ಸಂಬಳದವರ ಲೆಕ್ಕ ನೋಡಿ. 1,000 ಬಿಟ್ಟರೆ 30,000. ಅದರಲ್ಲಿ 20,000 ಸುರಕ್ಷಿತ, ಜಪ್ತಿಗೆ ಸಿಗುವುದು 10,000. ಲೆಕ್ಕ ಹಿಡಿಯುವುದು ಕೈಗೆ ಬರುವ ಮೊತ್ತದ ಮೇಲಲ್ಲ, ಒಟ್ಟು ಮಾಸಿಕ ಸಂಬಳದ ಮೇಲೆ. ಸರ್ಕಾರಿ ನೌಕರರಿಗೆ ಮಾತ್ರ, ಸರ್ಕಾರ ಅಧಿಸೂಚನೆಯಲ್ಲಿ ವಿನಾಯಿತಿ ಕೊಟ್ಟ ಭತ್ಯೆಗಳನ್ನು ಕಳೆದು ಲೆಕ್ಕ ಹಾಕಬೇಕು.

ಕಾಲದ ಮಿತಿಯೂ ಇದೆ. ಒಂದೇ ಡಿಕ್ರಿಯ ಮೇಲೆ ಒಟ್ಟು 24 ತಿಂಗಳು ಜಪ್ತಿ ನಡೆದರೆ, ಆ ಡಿಕ್ರಿಗೆ ಸಂಬಳ ಮತ್ತೆ ಸಿಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ಬ್ಯಾಂಕಿಗೆ ಹೆಚ್ಚೆಂದರೆ 2.4 ಲಕ್ಷ. ಹಾಗೆಂದು ಸಾಲ ತೀರಿತು ಎಂದಲ್ಲ. ಡಿಕ್ರಿಗೆ 12 ವರ್ಷ ಜೀವವಿದೆ. ಬೇರೆ ಆಸ್ತಿಯ ಮೇಲೆ ಬ್ಯಾಂಕು ಹೋಗಬಹುದು.

ಯಾವುದನ್ನು ಮುಟ್ಟುವಂತಿಲ್ಲ?

ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಗೆ ಪೂರ್ತಿ ರಕ್ಷಣೆ. ಕಾಫಿ ಎಸ್ಟೇಟಿನಲ್ಲಿ ದುಡಿಯುವ ಅಪ್ಪ ಮಗಳ ಸಾಲಕ್ಕೆ ಸಹಿ ಹಾಕಿದ್ದರೂ ಅವರ ಕೂಲಿಯನ್ನು ಜಪ್ತಿ ಮಾಡಲಾಗದು. ಪಿಂಚಣಿ, ಗ್ರಾಚ್ಯುಟಿ, ಪಿಎಫ್‌ಗೂ ಇದೇ ರಕ್ಷಣೆ. ಅಡವಿಡದಿದ್ದರೆ, ಕೃಷಿಕರು ವಾಸವಿರುವ ಮನೆಯೂ ಸುರಕ್ಷಿತ. ಆದರೆ ಸಹಿ ಹಾಕಿದ ಅಪ್ಪ ಶಾಲಾ ಮೇಷ್ಟ್ರಾಗಿದ್ದರೆ ಮಗನ ಸಂಬಳದಂತೆ ಅವರ ಸಂಬಳವೂ ಇದೇ ಮಿತಿಯೊಳಗೆ ಜಪ್ತಿಗೆ ಒಳಗಾಗುತ್ತದೆ.

ಮಗ ಬೆಂಗಳೂರಿನ ಕಂಪನಿಯಲ್ಲಿದ್ದರೆ ಇನ್ನೊಂದು ಹಂತ ಸೇರುತ್ತದೆ. ಸರ್ಕಾರಿ ನೌಕರರು ಎಲ್ಲಿದ್ದರೂ ಡಿಕ್ರಿ ಕೊಟ್ಟ ಕೋರ್ಟೇ ಸಂಬಳ ತಡೆಯಲು ಆದೇಶಿಸಬಹುದು. ಖಾಸಗಿ ನೌಕರರ ವಿಷಯದಲ್ಲಿ, ಸಂಬಳ ಬಟವಾಡೆ ಮಾಡುವವರು ಆ ಕೋರ್ಟಿನ ವ್ಯಾಪ್ತಿಯಲ್ಲೇ ಇರಬೇಕು. ಕೊಪ್ಪದಲ್ಲಿ ಡಿಕ್ರಿ ಆಗಿದ್ದರೆ ಅದನ್ನು ಮೊದಲು ಬೆಂಗಳೂರಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಬೇಕು.

ಸಹಿಯ ದಾರಿ

ಕಂತು ತಾನಾಗಿ ಕಡಿತವಾಗಲು ನೀವು ಕೊಟ್ಟ ನ್ಯಾಚ್ ಒಪ್ಪಿಗೆಗೆ ಮೇಲಿನ ಮಿತಿ ಅನ್ವಯಿಸುವುದಿಲ್ಲ. ಖಾತೆಯಲ್ಲಿ ದುಡ್ಡಿದ್ದರೆ ಕಂತು ಪೂರ್ತಿ ಹೋಗುತ್ತದೆ. ದುಡ್ಡಿಲ್ಲದೆ ವಾಪಸಾದರೆ ಚೆಕ್ ಬೌನ್ಸ್‌ನಂತೆ ಅದೂ ಕ್ರಿಮಿನಲ್ ಪ್ರಕರಣ ಆಗಬಹುದು. ಸಾಲ ಕೊಟ್ಟ ಬ್ಯಾಂಕಿನಲ್ಲೇ ಸಂಬಳದ ಖಾತೆ ಇದ್ದರೆ, ಜಮೆಯಾದ ಹಣವನ್ನು ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕನ್ನೂ ಬ್ಯಾಂಕು ಬಳಸಬಹುದು. ಸಹಕಾರ ಸಂಘದ ಸಾಲವಾದರೆ, ಸಂಬಳದಲ್ಲಿ ಮುರಿದು ಕಟ್ಟಿ ಎಂದು ಉದ್ಯೋಗದಾತರಿಗೆ ನೀವೇ ಬರೆದುಕೊಟ್ಟಿರುತ್ತೀರಿ. ಎಲ್ಲ ಬಾಬ್ತೂ ಸೇರಿ ಉದ್ಯೋಗದಾತರು ಮುರಿಯುವ ಮೊತ್ತ ವೇತನದ ಅರ್ಧ ಮೀರಬಾರದು ಎನ್ನುತ್ತದೆ 2019ರ ವೇತನ ಸಂಹಿತೆ.

ಇಷ್ಟಾದರೂ ಒಂದು ಸಹಿಗೆ ಬೆಲೆಯಿಲ್ಲ. ‘ಕಲಂ 60ರ ವಿನಾಯಿತಿ ನನಗೆ ಬೇಡ’ ಎಂದು ಸಾಲಗಾರರಿಂದ ಬರೆಸಿಕೊಂಡ ಕರಾರು ಸಿಂಧುವಲ್ಲ.

ನೋಟಿಸ್ ಬಂದರೆ

ಸಮನ್ಸ್ ಬಂದರೆ ತೆಗೆದುಕೊಳ್ಳಿ. ಗೈರಾದರೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಲಿಖಿತ ಉತ್ತರಕ್ಕೆ 30 ದಿನ ಇರುತ್ತದೆ. ವಕೀಲರ ಫೀಸಿಗೆ ಅನುಕೂಲವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು; ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಬರೀ ಬಡತನದಿಂದ ಕಟ್ಟಲಾಗದವರನ್ನು ಸಿವಿಲ್ ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಕಿರುಕುಳವಾದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ರಾಜಿಗೆ ಲೋಕ ಅದಾಲತ್ ಒಳ್ಳೆಯ ಜಾಗ. ಆದರೆ ಅಲ್ಲಿ ಆಗುವ ಒಪ್ಪಂದವೂ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಫಸಲು ಕೈಕೊಟ್ಟ ವರ್ಷದಲ್ಲೂ ಕಟ್ಟಬಲ್ಲ ಕಂತಿಗೆ ಮಾತ್ರ ಅಲ್ಲಿ ಒಪ್ಪಿಕೊಳ್ಳಿ.