ಘಾಟಿ ಇಳಿದ್ರೆ ಚಾರ್ಜ್ ಏರುತ್ತಾ?

ದಸರಾ ರಜೆಗೆ ನಾವು ನಾಲ್ವರು ಗೆಳೆಯನ ಮಾವನ ಎಲೆಕ್ಟ್ರಿಕ್ ಕಾರಲ್ಲಿ ಬೆಂಗಳೂರಿಂದ ಮಂಗಳೂರಿಗೆ ಹೊರಟ್ವಿ. ದೂರ ಸುಮಾರು 350 ಕಿ.ಮೀ. ಬ್ಯಾಟರಿ 30 ಯೂನಿಟ್, ಹೈವೇಲಿ ಯೂನಿಟ್‌ಗೆ 7 ಕಿ.ಮೀ. ಸಿಕ್ಕರೆ ಪುಣ್ಯ. ಅಂದ್ರೆ ನಡುವೆ ಒಮ್ಮೆ ನಿಲ್ಲಲೇಬೇಕು.

ಹಾಸನ ಮುಟ್ಟಿದಾಗ ಉಳಿದಿದ್ದು 12%. ನಂಬಿಕೊಂಡಿದ್ದ ಚಾರ್ಜರ್ ಕೆಟ್ಟಿತ್ತು, ಆ್ಯಪ್‌ನಲ್ಲಿ ಮಾತ್ರ ಹಸಿರು! ಎಸಿ ಆಫ್ ಮಾಡಿ, ಉಸಿರು ಬಿಗಿಹಿಡಿದು ಮುಂದಿನದಕ್ಕೆ ಹೋದ್ವಿ. ಒಂದು ಗಂಟೆಯಲ್ಲಿ 80% ಆಯ್ತು. ಅದರ ಮೇಲೆ ಸೆಲ್‌ಗಳ ಸುರಕ್ಷತೆಗಾಗಿ ಕರೆಂಟ್ ಇಳಿಯುತ್ತಾ ಹೋಗುತ್ತೆ, ಕಾಯೋದು ದಂಡ.

ಉಳಿದ 165 ಕಿ.ಮೀ.ಗೆ 24 ಯೂನಿಟ್ ಸಾಲುತ್ತಾ? ಇಲ್ಲಿ ನೆರವಿಗೆ ಬಂದಿದ್ದು ಶಿರಾಡಿ ಘಾಟಿ. ಜನ ಸೇರಿ 1800 ಕೆ.ಜಿ. ತೂಕ, ಇಳಿತ ಸುಮಾರು 800 ಮೀಟರ್. ಪಿಯುಸಿಯ ಎಂಜಿಎಚ್ ಹಾಕಿ: ಹತ್ತಿರಹತ್ತಿರ 4 ಯೂನಿಟ್! ಇಳಿಯುವಾಗ ಮೋಟಾರೇ ಜನರೇಟರ್ ಆಗುತ್ತೆ. ಟೈರು, ಗಾಳಿ, ಮೋಟಾರ್ ತಮ್ಮ ಪಾಲು ತಿಂದ ಮೇಲೂ ಸ್ಕ್ರೀನ್‌ನಲ್ಲಿ 5% ಏರಿತು. ಮಂಗಳೂರಲ್ಲಿ 19% ಉಳಿದಿತ್ತು.

ಹಾಗಾಗಿ ನಮ್ಮ ಲೆಕ್ಕದಲ್ಲಿ ಟ್ರಿಪ್‌ಗೆ ಇವಿ ಆಗುತ್ತೆ, ಎರಡನೇ ಚಾರ್ಜರ್ ಎಲ್ಲಿದೆ ಅಂತ ಗೊತ್ತಿದ್ರೆ. ಆದ್ರೆ ವಾಪಸ್ ಬರುವಾಗ ಆ 4 ಯೂನಿಟ್ ಸಾಲ ಘಾಟಿಗೆ ತೀರಿಸಲೇಬೇಕು. ಹೊರಡೋ ಹಿಂದಿನ ರಾತ್ರಿಯಿಡೀ ಮನೆಯ 15 ಆ್ಯಂಪ್ ಪ್ಲಗ್‌ಗೆ ಹಾಕಿಟ್ವಿ.