ತಾಮ್ರದ ಜಮಾ-ಖರ್ಚು

ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸಹಿ ತಾಳೆ ನೋಡುತ್ತ ನಿವೃತ್ತನಾದವನು. ಆದರೂ ಇಚಲಕರಂಜಿಯ ಮಗ್ಗದಲ್ಲಿ ಕೆಲಸಕ್ಕಿದ್ದ ನನ್ನ ತಂಗಿಯ ಮಗನ ಸಹಿ ತಾಳೆಯಾಗದಾಗ "ನೆಟ್ಟಗೆ ಹಾಕೋ" ಎಂದು ಗದರಿಸಿದೆನೇ ಹೊರತು, ಕೈ ನಡುಗುತ್ತಿದ್ದುದನ್ನು ನೋಡಲಿಲ್ಲ. ಆಗ ಅವನಿಗೆ ಹತ್ತೊಂಬತ್ತು. ಮುಂದೆ ಕಡಿದ ನೂಲಿಗೆ ಗಂಟು ಹಾಕಲು ಬೆರಳು ಕೇಳದಾದವು, ಮಾತು ತೊದಲಿತು. ಕುಡಿಯಲು ಕಲಿತಿದ್ದಾನೆ ಎಂದರು ಮಂದಿ. ಗಡಹಿಂಗ್ಲಜದಲ್ಲಿ ತಂಗಿ ದೃಷ್ಟಿ ತೆಗೆದಳು. ಕೊನೆಗೆ ಕೊಲ್ಹಾಪುರದ ಕಣ್ಣಿನ ವೈದ್ಯರು ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಳೆಯೊಂದನ್ನು ಕಂಡರು. ಅದು ತಾಮ್ರ.

ಇದು ವಿಲ್ಸನ್ ರೋಗ. ಲಂಡನ್ನಿನ ವೈದ್ಯ ಕಿನ್ನಿಯರ್ ವಿಲ್ಸನ್ 1912ರಲ್ಲಿ ವಿವರಿಸಿದ್ದು. ನಾವು ಉಣ್ಣುವ ಅನ್ನದಲ್ಲಿ ದಿನವೂ ತುಸು ತಾಮ್ರವಿರುತ್ತದೆ. ಹೆಚ್ಚಾದುದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಆ ಕೆಲಸದ ಜೀನು ಕೆಟ್ಟವರ ಖಾತೆಯಲ್ಲಿ ಜಮಾ ಉಂಟು, ಖರ್ಚಿಲ್ಲ. ಮೊದಲು ಲಿವರ್ ತುಂಬುತ್ತದೆ, ಆಮೇಲೆ ಮಿದುಳು. ಮಕ್ಕಳಲ್ಲಿ ಕಾಮಾಲೆಯಂತೆ ಕಾಣಿಸಬಹುದು, ಕೆಲವರಲ್ಲಿ ಸಿಟ್ಟು, ಮಂಕುತನವೇ ಮೊದಲು.

ಕೆಟ್ಟ ಜೀನು ತಂದೆಯಿಂದಲೂ ತಾಯಿಯಿಂದಲೂ ಬಂದರೆ ಮಾತ್ರ ರೋಗ. ಒಂದೇ ಬಂದವರು ಆರೋಗ್ಯವಾಗಿಯೇ ಇರುತ್ತಾರೆ, ಮುಂದಕ್ಕೆ ದಾಟಿಸುತ್ತಾರೆ. ನನ್ನ ತಂಗಿಯನ್ನು ಸೋದರಮಾವನ ಮಗನಿಗೇ ಕೊಟ್ಟೆವು. ಹೊಲ, ಬಂಗಾರ ಮನೆಯಲ್ಲೇ ಉಳಿಯಲೆಂದು ಮಾಡಿದ್ದು, ಇದೂ ಮನೆಯಲ್ಲೇ ಉಳಿಯಿತು. ಇಂಥ ತಂದೆತಾಯಿಯ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅದಕ್ಕೇ ವೈದ್ಯರು ಹುಡುಗನ ತಂಗಿಯನ್ನೂ ಕರೆಸಿ, ರಕ್ತದಲ್ಲಿ ಸೆರುಲೋಪ್ಲಾಸ್ಮಿನ್, ಇಪ್ಪತ್ತನಾಲ್ಕು ತಾಸಿನ ಮೂತ್ರದಲ್ಲಿ ತಾಮ್ರ ನೋಡಿಸಿದರು. ಜಿಗಿದಾಡುವ ಹುಡುಗಿ. ಅವಳಿಗೂ ಇತ್ತು! ಕೈ ನಡುಗುವ ಮೊದಲೇ ಔಷಧ ಶುರುವಾಯಿತು, ಇಂದಿಗೂ ನಡುಗಿಲ್ಲ.

ಅಪರೂಪದ ರೋಗವೆಂದು ಗಾಬರಿಯಾಗಬೇಡಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. 1956ರಲ್ಲಿ ಜಾನ್ ವಾಲ್ಷ್ ತಂದ ಪೆನಿಸಿಲಮೈನ್ ತಾಮ್ರವನ್ನು ಮೂತ್ರದಲ್ಲಿ ಕಳಿಸುತ್ತದೆ. ಸತುವಿನ ಮಾತ್ರೆ ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ. ಪೆನಿಸಿಲಮೈನ್ ಶುರುವಾದಾಗ ಕೆಲವರಿಗೆ ನಡುಕ ಹೆಚ್ಚಾಗುವುದುಂಟು. ನಮ್ಮವನಿಗೂ ಆಯಿತು. ತಂಗಿ ಮಾತ್ರೆಯನ್ನು ಬೀದಿಗೆ ಎಸೆದಳು, ನಾನೇ ಹೆಕ್ಕಿ ತಂದೆ. ವೈದ್ಯರು ಪ್ರಮಾಣ ಇಳಿಸಿ, ಮೆಲ್ಲಗೆ ಏರಿಸಿದರು.

ಶೇಂಗಾ, ಗೋಡಂಬಿ, ಅಣಬೆ, ಚಾಕೊಲೇಟು, ಕುರಿಯ ಲಿವರ್ ದೂರ. ಶೇಂಗಾ ಹಿಂಡಿಯಿಲ್ಲದ ರೊಟ್ಟಿ ಎಂಥ ಶಿಕ್ಷೆಯೋ ನಮ್ಮ ಕಡೆಯವರಿಗೇ ಗೊತ್ತು. ತಾಮ್ರದ ತಂಬಿಗೆಯ ನೀರೂ ಬೇಡ. ಮದುವೆಯಲ್ಲಿ ಬಂದ ಕೊಡ ಈಗ ಅಟ್ಟದ ಮೇಲಿದೆ.

ಆರಾಮವೆನಿಸಿತೆಂದು ಮಾತ್ರೆ ಬಿಡುವಂತಿಲ್ಲ, ಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ಗಡಹಿಂಗ್ಲಜದ ಅಂಗಡಿಯಲ್ಲಿ ಕೆಲವು ಸಲ ಸಿಗುವುದಿಲ್ಲ. ಅದಕ್ಕೆ ತಿಂಗಳ ಮೊದಲ ಸೋಮವಾರ ನಾನೇ ಕೊಲ್ಹಾಪುರದಿಂದ ಇಬ್ಬರಿಗೂ ಎರಡು ತಿಂಗಳಿನದು ತಂದಿಡುತ್ತೇನೆ.