ಐರ್ಲಂಡದ ಐಕ್ಯದ ಪ್ರಶ್ನೆ

'ಐಕ್ಯ'ವೆಂಬ ಶಬ್ದವು ಕಿವಿಗೆ ಮಂಗಲಕರವಾದದ್ದು. ಆದರೆ ಐರ್ಲಂಡದಲ್ಲಿ ಈ ಒಂದೇ ಶಬ್ದವು ಒಂದಕ್ಕೊಂದು ವಿರುದ್ಧವಾದ ಎರಡು ಅರ್ಥಗಳನ್ನು ಹೊತ್ತು ನಿಂತಿದೆ. ಬೆಲ್‌ಫಾಸ್ಟ್ ನಗರದ ಒಬ್ಬ ಗೃಹಸ್ಥನಿಗೆ ಐಕ್ಯವೆಂದರೆ 1801ನೆಯ ಇಸವಿಯ ಜನೆವರಿ 1ರಂದು ಬ್ರಿಟನ್ನಿನೊಡನೆ ಏರ್ಪಟ್ಟ ಸಂಯೋಗ. ಎರಡು ಓಣಿಗಳಾಚೆ ಇರುವ ಇನ್ನೊಬ್ಬನಿಗೆ ಐಕ್ಯವೆಂದರೆ 1921ರಲ್ಲಿ ಸೀಳಿಹೋದ ದ್ವೀಪವು ಮರಳಿ ಒಂದಾಗುವದು. ಒಬ್ಬನ ಐಕ್ಯವು ಉಳಿಯಬೇಕಾದರೆ ಇನ್ನೊಬ್ಬನ ಐಕ್ಯವು ಬರಕೂಡದು. ಇಂಥ ಪ್ರಶ್ನೆಯನ್ನು ಮತಪೆಟ್ಟಿಗೆಯಿಂದ ಬಿಡಿಸಬಹುದೆಂದು 1998ರ ಎಪ್ರಿಲ್ 10ರ ಒಡಂಬಡಿಕೆಯು ನಿರ್ಧರಿಸಿತು. ಆ ಮತದಾನವು ಯಾವಾಗ ನಡೆಯಬೇಕು, ಎಷ್ಟು ಮತಗಳು ಸಾಕೆನ್ನಬೇಕು ಎಂಬ ವಾದವು ಈಗ ಅಲ್ಲಿ ಬಲವಾಗಿ ಎದ್ದಿದೆ. ಅದರ ಬೇರುಗಳನ್ನು ವಾಚಕರ ಮುಂದಿಡುವದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲನೆಯ ಐಕ್ಯವು ಪ್ರೀತಿಯಿಂದ ಹುಟ್ಟಿದ್ದಲ್ಲ. 1798ರ ಬಂಡಾಯವನ್ನು ರಕ್ತದಲ್ಲಿ ಅಡಗಿಸಿದ ಮೇಲೆ ಇಂಗ್ಲಂಡದ ಪ್ರಧಾನಿ ಪಿಟ್ ಮಹಾಶಯನು ಡಬ್ಲಿನ್ನಿನ ಪಾರ್ಲಿಮೆಂಟನ್ನೇ ಇಲ್ಲವಾಗಿಸಲು ಹೊರಟನು. ಆ ಪಾರ್ಲಿಮೆಂಟಾದರೂ ಪ್ರಾಟೆಸ್ಟಂಟ ಭೂಮಾಲಿಕರದ್ದು. ಕ್ಯಾಥೊಲಿಕರಿಗೆ ಅದರಲ್ಲಿ ಕೂಡುವ ಹಕ್ಕಿರಲಿಲ್ಲ. ಆದರೂ 1799ರಲ್ಲಿ ಅದು ಒಪ್ಪಲಿಲ್ಲ. ಮುಂದಿನ ವರ್ಷದಲ್ಲಿ ಪದವಿಗಳನ್ನೂ ಪಿಂಚಣಿಗಳನ್ನೂ ಧಾರಾಳವಾಗಿ ಹಂಚಿದ ಮೇಲೆ ಅದೇ ಸಭೆಯು ತನ್ನ ಮರಣಶಾಸನಕ್ಕೆ ತಾನೇ ರುಜು ಹಾಕಿತು. ಸಂಯೋಗವಾದರೆ ಕ್ಯಾಥೊಲಿಕರಿಗೆ ಪೂರ್ಣ ಹಕ್ಕುಗಳು ದೊರೆಯುವವೆಂದು ಆಸೆ ತೋರಿಸಿದ್ದರು; ಮೂರನೆಯ ಜಾರ್ಜ ದೊರೆಯು ಅದಕ್ಕೆ ಅಡ್ಡ ನಿಂತನು. ಓಕಾನೆಲನ ಚಳವಳಿಯ ಬಲದಿಂದ ಆ ಹಕ್ಕು ಬರಲು 1829ರ ವರೆಗೆ ಕಾಯಬೇಕಾಯಿತು. ಕೊಟ್ಟ ಮಾತು ಇಪ್ಪತ್ತೆಂಟು ವರ್ಷ ತಡವಾದರೆ ಅದನ್ನು ಮಾತು ನಡಿಸಿದಂತೆಂದು ಯಾರೂ ಎಣಿಸುವದಿಲ್ಲ.

ಮುಂದೆ 1845ರಿಂದ ಬಟಾಟೆಯ ಬೆಳೆಗೆ ರೋಗ ತಗಲಿ ಮಹಾಕ್ಷಾಮವು ಬಂದಿತು. 1841ರಲ್ಲಿ 81 ಲಕ್ಷ ಮೀರಿದ್ದ ಜನಸಂಖ್ಯೆಯು 1851ರ ಹೊತ್ತಿಗೆ 65 ಲಕ್ಷಕ್ಕೆ ಇಳಿಯಿತು. ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಜನರು ಹಡಗು ಹತ್ತಿದರು. ಜಗತ್ತಿನ ಅತ್ಯಂತ ಶ್ರೀಮಂತ ರಾಜ್ಯದೊಡನೆ ಒಂದಾಗಿದ್ದ ನಾಡಿನಲ್ಲಿ ಹೀಗಾಯಿತು; ಧಾನ್ಯ ತುಂಬಿದ ಹಡಗುಗಳು ಐರಿಶ್ ಬಂದರುಗಳಿಂದ ಇಂಗ್ಲಂಡಕ್ಕೆ ಹೋಗುತ್ತಿದ್ದಾಗಲೇ ಆಯಿತು. ಐಕ್ಯದ ಪರವಾಗಿ ಎಷ್ಟು ಯುಕ್ತಿವಾದ ಮಾಡಿದರೂ ಈ ಸಂಖ್ಯೆಗಳನ್ನು ಮುಚ್ಚಲಾಗದು.

ಆ ಬಳಿಕದ ಹೋಮರೂಲ್ ಚಳವಳಿಯ ಕಥೆಯು ನಮ್ಮಲ್ಲಿ ಅನೇಕರಿಗೆ ಪರಿಚಿತವಾದದ್ದು. ಪಾರ್ನೆಲನ ಪಕ್ಷದ ಒತ್ತಾಯದಿಂದ ಗ್ಲ್ಯಾಡ್‌ಸ್ಟನ್ ಮಹಾಶಯನು 1886ರಲ್ಲಿ ತಂದ ಮಸೂದೆಯು ಕಾಮನ್ಸ್ ಸಭೆಯಲ್ಲಿಯೇ ಬಿದ್ದಿತು. 1893ರದು ಅಲ್ಲಿ ಗೆದ್ದು, ಲಾರ್ಡರ ಸಭೆಯಲ್ಲಿ 41ಕ್ಕೆ ವಿರುದ್ಧ 419 ಮತಗಳಿಂದ ಬಿದ್ದಿತು. ಮೂರನೆಯದು 1914ರಲ್ಲಿ ಕಾಯದೆಯಾಯಿತು, ಅಂದೇ ಯುದ್ಧದ ನೆವದಿಂದ ಮೂಲೆಗೆ ಸೇರಿತು. ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. 1916ರ ಎಪ್ರಿಲ್ ತಿಂಗಳ ಕಡೆಯ ವಾರದಲ್ಲಿ ನಮ್ಮ ಬೆಳಗಾವಿಯಲ್ಲಿ ಲೋಕಮಾನ್ಯ ಟಿಳಕರು ಹೋಮರೂಲ್ ಸಂಘವನ್ನು ಸ್ಥಾಪಿಸಿದರು. ಜೋಸೆಫ್ ಬ್ಯಾಪ್ಟಿಸ್ಟಾ ಅವರು ಅದರ ಅಧ್ಯಕ್ಷರಾದರು. ಹೆಸರನ್ನು ಐರ್ಲಂಡದಿಂದ ತಂದದ್ದು. ಆದರೆ ಅದೇ ವಾರದಲ್ಲಿ ಡಬ್ಲಿನ್ ನಗರವು ಬೆಂಕಿಯಲ್ಲಿ ಉರಿಯುತ್ತಿತ್ತು. ನಾವು ಆ ಹೆಸರನ್ನು ಎತ್ತಿಕೊಂಡ ಗಳಿಗೆಯಲ್ಲಿಯೇ ಐರಿಶ್ ತರುಣರು ಅದನ್ನು ಕೈಬಿಟ್ಟಿದ್ದರು. ಬಂಡಾಯವು ಆರು ದಿನಗಳಲ್ಲಿ ಅಡಗಿತು. ಆದರೆ ಮೇ ತಿಂಗಳಲ್ಲಿ 15 ಜನ ಮುಂದಾಳುಗಳನ್ನು ಗುಂಡಿಕ್ಕಿ ಕೊಂದದ್ದರಿಂದ, ಅವರನ್ನು ಹಳಿಯುತ್ತಿದ್ದವರೂ ಅವರ ಹೆಸರಿನಲ್ಲಿ ಪ್ರಾರ್ಥನೆ ಮಾಡತೊಡಗಿದರು. 1918ರ ಚುನಾವಣೆಯಲ್ಲಿ ಶಿನ್ ಫೇನ್ ಪಕ್ಷವು 105ರಲ್ಲಿ 73 ಸ್ಥಾನಗಳನ್ನು ಗೆದ್ದಿತು. ಹೋಮರೂಲಿನವರಿಗೆ ಐರ್ಲಂಡದಲ್ಲಿ ಉಳಿದವು ಆರು.

ಹಾಗಾದರೆ ದ್ವೀಪವು ಎರಡಾದದ್ದು ಹೇಗೆ? ಈ ಪ್ರಶ್ನೆಗೆ ಲಂಡನ್ನಿನ ಕುಟಿಲ ನೀತಿಯೇ ಉತ್ತರವೆಂದು ಹೇಳಿ ಸುಮ್ಮನಾಗುವದು ಸುಲಭ. ಆದರೆ ಅದು ಅರ್ಧ ಸತ್ಯ. 1912ರ ಸಪ್ಟಂಬರ 28ರಂದು ಅಲ್ಸ್ಟರಿನ ಲಕ್ಷಾವಧಿ ಪ್ರಾಟೆಸ್ಟಂಟರು ಹೋಮರೂಲನ್ನು ತಡೆಯುವೆವೆಂದು ಪ್ರತಿಜ್ಞಾಪತ್ರಕ್ಕೆ ರುಜು ಹಾಕಿದ್ದರು. ಅವರೇನು ಪರದೇಶದ ದಂಡಾಳುಗಳಲ್ಲ; ಮುನ್ನೂರು ವರ್ಷಗಳಿಂದ ಅಲ್ಲಿಯೇ ಬೇಸಾಯ ಮಾಡಿ ಅಲ್ಲಿಯೇ ಮಣ್ಣಾದ ಮನೆತನಗಳವರು. ಅವರ ಭಯವನ್ನು ರಾಷ್ಟ್ರೀಯ ಪಕ್ಷದ ಧುರೀಣರು ಕೊನೆಯ ವರೆಗೂ ಬರಿಯ ಬೆದರಿಕೆಯೆಂದು ಭಾವಿಸಿದರು. 1921ರ ಜೂನ್ 22ರಂದು ಬೆಲ್‌ಫಾಸ್ಟದ ಹೊಸ ಪಾರ್ಲಿಮೆಂಟನ್ನು ಐದನೆಯ ಜಾರ್ಜ ದೊರೆಯು ತೆರೆದನು. ಡಬ್ಲಿನ್ನಿನೊಡನೆ ಒಪ್ಪಂದವಾದದ್ದು ಡಿಸೆಂಬರ 6ರಂದು. ಮನೆಯನ್ನು ಪಾಲು ಮಾಡಿದ ಮೇಲೆ ಹಿರಿಯರನ್ನು ಮಾತಿಗೆ ಕರೆದಂತಾಯಿತು.

ಆ ಒಪ್ಪಂದದ ಮೇಲೆ ಡಾಯಿಲ್ ಎಂಬ ಐರಿಶ್ ಜನಸಭೆಯಲ್ಲಿ ನಡೆದ ವಾದವನ್ನು ಇಂದು ಓದುವವನಿಗೆ ಆಶ್ಚರ್ಯವಾಗದೆ ಇರದು. ದಿನಗಟ್ಟಲೆ ಮಾತನಾಡಿದ ಆ ದೇಶಭಕ್ತರಲ್ಲಿ ಬಹುಜನರು ವಾದಿಸಿದ್ದು ದೊರೆಯ ಹೆಸರಿನಲ್ಲಿ ಪ್ರಮಾಣ ಮಾಡಬೇಕೆ ಬೇಡವೆ ಎಂಬುದನ್ನು. ವಿಭಜನೆಯ ಮಾತನ್ನು ಆಡಿದವರು ಕೆಲವರೇ. ಗಡಿಯನ್ನು ಪರಿಶೀಲಿಸಲು ಒಂದು ಆಯೋಗವು ಬರುವದೆಂದು ಒಪ್ಪಂದದ 12ನೆಯ ಕಲಮು ಹೇಳಿತ್ತು. ಕ್ಯಾಥೊಲಿಕರೇ ಹೆಚ್ಚಾಗಿದ್ದ ಟೈರೋನ್ ಮತ್ತು ಫರ್ಮಾನಾ ಜಿಲ್ಲೆಗಳು ಅದರಿಂದ ಮರಳಿ ಬರುವವು, ಉಳಿದ ತುಣುಕು ತಾನಾಗಿ ಬಾಳಲಾರದು ಎಂದು ಕಾಲಿನ್ಸ್ ಮತ್ತು ಗ್ರಿಫಿತ್ ನಂಬಿದರು. ಡಿ ವೆಲೆರಾ ಕೂಡ ಅಲ್ಸ್ಟರಿನ ಕಲಮುಗಳಿಗಾಗಿ ಆ ಒಪ್ಪಂದವನ್ನು ಎದುರಿಸಲಿಲ್ಲ. 57ಕ್ಕೆ 64 ಮತಗಳಿಂದ ಒಪ್ಪಂದವು ಪಾಸಾಯಿತು. ಅಣ್ಣತಮ್ಮಂದಿರು ಪ್ರಮಾಣವಚನಕ್ಕಾಗಿ ಒಬ್ಬರನ್ನೊಬ್ಬರು ಕೊಂದರು. ಗಡಿಯ ಆಯೋಗವು 1925ರಲ್ಲಿ ಮುರಿದುಬಿದ್ದು, ಹಾಕಿದ ಗೆರೆಯು ಒಂದು ಕೂದಲೆಳೆಯಷ್ಟೂ ಸರಿಯದೆ ಉಳಿಯಿತು. ಪ್ರಮಾಣವಚನವನ್ನು ಮುಂದೆ ಡಿ ವೆಲೆರಾ ಅವರೇ 1933ರಲ್ಲಿ ಒಂದು ಕಾಯದೆಯಿಂದ ತೆಗೆದುಹಾಕಿದರು. ಸುಮಾರು 500 ಕಿಲೋಮೀಟರು ಉದ್ದದ ಆ ಗೆರೆಯು ಇಂದಿಗೂ ಇದೆ.

ಗೆರೆಯ ಆಚೆ ಉಳಿದ ಕ್ಯಾಥೊಲಿಕರ ಪಾಡನ್ನು ತಿಳಿಯಬೇಕಾದರೆ ಡೆರಿ ನಗರವನ್ನು ನೋಡಬೇಕು. (ಅದನ್ನು ಲಂಡನ್‌ಡೆರಿ ಎಂದು ಕರೆಯುವವರೂ ಇದ್ದಾರೆ, ಊರಿನ ಹೆಸರು ಹೇಳಿದೊಡನೆ ಹೇಳಿದವನ ಪಕ್ಷವು ತಿಳಿದುಹೋಗುವದು.) 1960ರ ದಶಕದಲ್ಲಿ ಅಲ್ಲಿ ಸುಮಾರು 14,000 ಕ್ಯಾಥೊಲಿಕ್ ಮತದಾರರು ಆರಿಸಿ ಕಳಿಸುತ್ತಿದ್ದ ನಗರಸಭಾ ಸದಸ್ಯರು 8, ಸುಮಾರು 9,000 ಇತರರು ಕಳಿಸುತ್ತಿದ್ದವರು 12. ವಾರ್ಡುಗಳ ಗೆರೆಗಳನ್ನು ಅಷ್ಟು ಜಾಣತನದಿಂದ ಎಳೆದಿದ್ದರು. ಮನೆ ಹಂಚುವವರು, ಕೆಲಸ ಕೊಡುವವರು ಆ ಹನ್ನೆರಡು ಜನರು. ಸಮಾನ ಹಕ್ಕು ಕೇಳಿ 1968ರಲ್ಲಿ ಬೀದಿಗಿಳಿದವರಿಗೆ ಲಾಠಿ ಸಿಕ್ಕಿತು. 1972ರ ಜನೆವರಿ 30ರಂದು ಅದೇ ಊರಿನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ 13 ಜನರು ಅಲ್ಲಿಯೇ ಬಿದ್ದರು. ಮೂವತ್ತು ವರ್ಷಗಳ ಹಿಂಸೆಯಲ್ಲಿ ಸತ್ತವರು ಸುಮಾರು 3,500. ಇದರಲ್ಲಿ ಐರಿಶ್ ಗಣತಂತ್ರದ ಹೆಸರಿನಲ್ಲಿ ಬಾಂಬು ಇಟ್ಟವರ ಪಾಲು ಎಲ್ಲರಿಗಿಂತ ದೊಡ್ಡದು. ದೇಶಭಕ್ತಿಯ ಹೆಸರು ಹೇಳಿದ ಮಾತ್ರಕ್ಕೆ ಅಂಗಡಿಗೆ ಬಂದ ಹೆಂಗಸನ್ನು ಕೊಂದ ಪಾಪವು ತೊಳೆದುಹೋಗುವದಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಈ ರಕ್ತಪಾತವನ್ನು ನಿಲ್ಲಿಸಿದ್ದು 1998ರ ಒಡಂಬಡಿಕೆ. ಜಾನ್ ಹ್ಯೂಮ್, ಡೇವಿಡ್ ಟ್ರಿಂಬಲ್ ಮೊದಲಾದವರ ಸಹನೆಯ ಫಲವದು. ಉತ್ತರದಲ್ಲಿ ಶೇಕಡಾ 71, ದಕ್ಷಿಣದಲ್ಲಿ ಶೇಕಡಾ 94 ಜನರು ಅದನ್ನು ಒಪ್ಪಿದರು. ಡಬ್ಲಿನ್ ಸರಕಾರವು ಉತ್ತರದ ಮೇಲಿನ ತನ್ನ ಹಕ್ಕುಸಾಧನೆಯನ್ನು ಸಂವಿಧಾನದಿಂದ ತೆಗೆಯಿತು. ಲಂಡನ್ ಸರಕಾರವು, ಉತ್ತರದ ಬಹುಮತವು ಬಯಸಿದ ದಿನ ಅದನ್ನು ಬಿಟ್ಟುಕೊಡುವೆನೆಂದು ಕಾಯದೆಯಲ್ಲಿ ಬರೆಯಿತು. ಉತ್ತರದಲ್ಲಿ ಹುಟ್ಟಿದವನು ಬ್ರಿಟಿಷನೋ ಐರಿಶನೋ ಎರಡೂ ಆಗಿಯೋ ಇರಬಹುದು.

ಹಲವು ವರ್ಷ ಈ ಕಲಮು ಪುಸ್ತಕದಲ್ಲಿ ಮಲಗಿತ್ತು. ಅದನ್ನು ಎಚ್ಚರಿಸಿದ್ದು 2016ರ ಜೂನ್ 23ರ ಬ್ರೆಕ್ಸಿಟ್ ಮತದಾನ. ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕೆಂದು ಉತ್ತರ ಐರ್ಲಂಡವು ಶೇಕಡಾ 55.8 ಮತ ಕೊಟ್ಟರೂ ಇಂಗ್ಲಂಡದ ಮತವು ಅದನ್ನು ಹೊರಗೆ ಎಳೆಯಿತು. ದ್ವೀಪದ ನಡುವೆ ಸುಂಕದ ಕಟ್ಟೆ ಬೇಡವೆಂದು ಆ ಕಟ್ಟೆಯನ್ನು ಐರಿಶ್ ಸಮುದ್ರದ ಬಂದರುಗಳಿಗೆ ಒಯ್ದರು. ಬ್ರೆಕ್ಸಿಟ್ಟಿಗಾಗಿ ಗಂಟಲು ಹರಿದುಕೊಂಡ ಡೆಮಾಕ್ರಟಿಕ್ ಯುನಿಯನಿಸ್ಟ್ ಪಕ್ಷದವರೇ, ನಮ್ಮನ್ನು ಬ್ರಿಟನ್ನಿನಿಂದ ಬೇರ್ಪಡಿಸಿದಿರೆಂದು ಎರಡು ವರ್ಷ ಶಾಸನಸಭೆಯನ್ನು ನಡೆಯಗೊಡಲಿಲ್ಲ. ತಾವೇ ತೋಡಿದ ಹಳ್ಳದಲ್ಲಿ ಬಿದ್ದು ನೆರೆಯವರನ್ನು ಬೈದಂತಾಯಿತು. 2022ರ ಚುನಾವಣೆಯಲ್ಲಿ ಶಿನ್ ಫೇನ್ 27 ಸ್ಥಾನಗಳಿಂದ ಮೊದಲನೆಯ ಪಕ್ಷವಾಯಿತು. 2024ರ ಫೆಬ್ರುವರಿಯಲ್ಲಿ ಶ್ರೀಮತಿ ಮಿಶೆಲ್ ಓನೀಲ್ ಪ್ರಥಮ ಮಂತ್ರಿಗಳಾದರು. ಪ್ರಾಟೆಸ್ಟಂಟ ಬಹುಮತ ಶಾಶ್ವತವಾಗಿ ಉಳಿಯಲೆಂದೇ ಒಂಬತ್ತರಲ್ಲಿ ಆರು ಜಿಲ್ಲೆಗಳನ್ನು ಆರಿಸಿ ಮಾಡಿದ ರಾಜ್ಯದಲ್ಲಿ ಇದು ನಡೆಯಿತು.

ಆದರೆ ಇಷ್ಟರಿಂದಲೇ ಐಕ್ಯವು ಬಾಗಿಲಿಗೆ ಬಂದಿತೆಂದು ಹಿಗ್ಗುವವರು ಲೆಕ್ಕ ತಪ್ಪಿದ್ದಾರೆ. 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಮನೆತನದವರು ಶೇಕಡಾ 45.7, ಪ್ರಾಟೆಸ್ಟಂಟ ಮತ್ತಿತರ ಕ್ರೈಸ್ತರು ಶೇಕಡಾ 43.5 ಎಂದು ಕಂಡುಬಂದದ್ದು ನಿಜ. ಆದರೆ ತಾನು ಬರಿಯ ಐರಿಶನೆಂದು ಬರೆಯಿಸಿದವರು ಶೇಕಡಾ 29.1, ಬರಿಯ ಬ್ರಿಟಿಷನೆಂದವರು ಶೇಕಡಾ 31.9. ಶೇಕಡಾ 20ರಷ್ಟು ಜನರು ತಾವು ಉತ್ತರ ಐರ್ಲಂಡದವರೆಂದಷ್ಟೇ ಹೇಳಿಕೊಂಡರು. ತೊಟ್ಟಿಲನ್ನು ಎಣಿಸಿ ರಾಷ್ಟ್ರವನ್ನು ಕಟ್ಟುವೆನೆನ್ನುವವನಿಗೆ ಈ ಮೂರನೆಯ ಗುಂಪು ಸುಲಭವಾಗಿ ಸಿಕ್ಕದು. ಅವರು ಕೇಳುವ ಪ್ರಶ್ನೆಗಳು ಬೇರೆ: ಆಸ್ಪತ್ರೆಯಲ್ಲಿ ಹಣ ತೆರಬೇಕಾಗುವದೆ? ಮುಪ್ಪಿನ ಪಿಂಚಣಿಯನ್ನು ಯಾರು ಕೊಡುವರು? ಲಂಡನ್ನಿನ ಬೊಕ್ಕಸದಿಂದ ವರುಷವರುಷವೂ ಬರುವ ನೂರಾರು ಕೋಟಿ ಪೌಂಡುಗಳ ಜಾಗದಲ್ಲಿ ಏನು ಬರುವದು?

ಇನ್ನು ಬಹುಮತದ ಪ್ರಶ್ನೆ. ಉತ್ತರದಲ್ಲಿ ಅರ್ಧಕ್ಕಿಂತ ಒಂದು ಮತ ಹೆಚ್ಚಾದರೆ ಸಾಕೆಂಬದು ಕಾಯದೆ. ಒಡಂಬಡಿಕೆಗಾಗಿ ದುಡಿದ ಹಿರಿಯ ರಾಷ್ಟ್ರೀಯವಾದಿ ಶೇಮಸ್ ಮ್ಯಾಲನ್ ಅವರು ತಮ್ಮ ಕೊನೆಯ ದಿನಗಳಲ್ಲಿ, 2019ರಲ್ಲಿ, ಅಷ್ಟು ಸಾಲದು, ಯುನಿಯನಿಸ್ಟರಲ್ಲಿಯೂ ಸಾಕಷ್ಟು ಜನರ ಸಮ್ಮತಿಯಿಲ್ಲದೆ ಐಕ್ಯಕ್ಕೆ ಕೈಹಾಕಬಾರದೆಂದು ಬರೆದರು. ಬಾಂಬಿನ ಕಾಲದಲ್ಲಿಯೂ ಶಾಂತಿಯ ದಾರಿಯನ್ನು ಬಿಡದ ಮನುಷ್ಯನ ಮಾತಿದು; ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೂ ಅದನ್ನು ಕಾಯದೆಯಾಗಿ ಮಾಡಬೇಕೆಂಬುದನ್ನು ನಾವು ಒಪ್ಪಲಾರೆವು. ಬ್ರಿಟನ್ನಿನೊಡನೆ ಉಳಿಯುವದಕ್ಕೆ ಶೇಕಡಾ 50 ಸಾಕು, ಬಿಟ್ಟುಬರುವದಕ್ಕೆ ಶೇಕಡಾ 60 ಬೇಕು ಎಂದರೆ ಒಬ್ಬನ ಮತವು ಇನ್ನೊಬ್ಬನ ಮತಕ್ಕಿಂತ ತೂಕದ್ದಾಗುವದು. ಡೆರಿಯ ವಾರ್ಡುಗಳ ಹಳೆಯ ತಕ್ಕಡಿಯನ್ನೇ ಮತ್ತೆ ತಂದಂತಾಗುವದು. ವಿವಾಹವಿಚ್ಛೇದನದ ಮೇಲಿದ್ದ ಸಂವಿಧಾನದ ನಿಷೇಧವನ್ನು ದಕ್ಷಿಣದ ಜನರು 1995ರಲ್ಲಿ ತೆಗೆದದ್ದು ಶೇಕಡಾ 50.28 ಮತದಿಂದ. ಸೋತವರು ನೊಂದುಕೊಂಡರು, ಆದರೆ ಆ ನಿರ್ಣಯವೇ ನಿಂತಿತು.

ಕಾಯದೆಯು ಹೀಗಿರಲಿ, ವಿವೇಕವು ಮ್ಯಾಲನ್ ಅವರ ಪಕ್ಷದಲ್ಲಿಯೇ ಇದೆ. ಬೆಲ್‌ಫಾಸ್ಟದ ಪ್ರಧಾನಿ ಕ್ರೇಗ್ 1934ರಲ್ಲಿ ನಮ್ಮದು ಪ್ರಾಟೆಸ್ಟಂಟ ರಾಜ್ಯವೆಂದು ಹೆಮ್ಮೆಪಟ್ಟಾಗ ಡಬ್ಲಿನ್ನೇನು ಬೇರೆ ಮಾದರಿಯನ್ನು ತೋರಿಸಲಿಲ್ಲ. 1937ರ ಸಂವಿಧಾನವು ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನವನ್ನು ಕೊಟ್ಟಿತು, 1972ರ ವರೆಗೆ ಅದು ಉಳಿಯಿತು. ಇಂದಿನ ದಕ್ಷಿಣವು ಬಹಳ ಬದಲಾಗಿದೆಯೆಂಬದು ನಿಜ. ಆದರೆ ಹಸುರು, ಬಿಳುಪು, ಕಿತ್ತಳೆಯ ತ್ರಿವರ್ಣ ಧ್ವಜವನ್ನು ಎರಡು ಪಂಗಡಗಳ ಸ್ನೇಹದ ಗುರುತೆಂದು 1848ರಲ್ಲಿ ಎತ್ತಿದ್ದರೂ ಕಿತ್ತಳೆಯ ಪಂಗಡದವರು ಇಂದಿಗೂ ಅದನ್ನು ತಮ್ಮದೆನ್ನುವದಿಲ್ಲ. ಧ್ವಜ, ಗೀತ, ಬೆಲ್‌ಫಾಸ್ಟದ ಶಾಸನಸಭೆಯ ಭವಿಷ್ಯ, ಪಿಂಚಣಿ, ವೈದ್ಯಸಹಾಯ ಇವೆಲ್ಲವನ್ನು ಮತದಾನಕ್ಕಿಂತ ಮೊದಲೇ ಕಾಗದದ ಮೇಲೆ ಬರೆದು ತೋರಿಸುವ ಭಾರವು ಐಕ್ಯವನ್ನು ಕೇಳುವವರದೇ. ಮತ ಹಾಕಿದ ಮೇಲೆ ಅರ್ಥ ಹುಡುಕಹೋದ ಇಂಗ್ಲಂಡದ ಪಾಡನ್ನು ಅವರು 2016ರಿಂದ ಕಣ್ಣಾರೆ ಕಂಡಿದ್ದಾರೆ.

ಲಂಡನ್ನಿಗೂ ಒಂದು ಭಾರವಿದೆ. ಮತದಾನವನ್ನು ಕರೆಯುವ ಅಧಿಕಾರವು ಬ್ರಿಟಿಷ್ ಮಂತ್ರಿಮಂಡಲದ ಒಬ್ಬ ಸೆಕ್ರೆಟರಿಯ ಕೈಯಲ್ಲಿದೆ. ಐಕ್ಯಕ್ಕೆ ಬಹುಮತ ದೊರೆಯುವ ಸಂಭವವಿದೆಯೆಂದು ಅವನಿಗೆ ತೋರಿದರೆ ಅವನು ಕರೆಯಲೇಬೇಕು. ಒಮ್ಮೆ ನಡೆದ ಮೇಲೆ ಏಳು ವರ್ಷಗಳ ಒಳಗೆ ಇನ್ನೊಂದಿಲ್ಲ. ಆದರೆ ಯಾವ ಸಾಕ್ಷ್ಯದಿಂದ ಹಾಗೆ ತೋರಬೇಕು? ಶಾಸನಸಭೆಯ ಚುನಾವಣೆಯಿಂದಲೋ, ಜನಗಣತಿಯಿಂದಲೋ, ಪತ್ರಿಕೆಗಳ ಅಭಿಪ್ರಾಯ ಸಂಗ್ರಹದಿಂದಲೋ ಕಾಯದೆಯು ಹೇಳುವದಿಲ್ಲ. ಅಲ್ಸ್ಟರಿನ ಮತದಾರನು ಆರಿಸದ ಒಬ್ಬ ಮಂತ್ರಿಯ ಮನಸ್ಸಿನಲ್ಲಿ ಇಡೀ ಪ್ರಶ್ನೆಯ ಕೀಲಿಕೈಯನ್ನು ಇಟ್ಟು ಜನರಿಗೆ ಕಾಯಿರಿ ಎನ್ನುವದು ಎರಡೂ ಪಕ್ಷಗಳಿಗೆ ಅನ್ಯಾಯ: ಒಬ್ಬನಿಗೆ ಬಾಗಿಲು ಎಂದು ತೆರೆಯುವದೋ ತಿಳಿಯದು, ಇನ್ನೊಬ್ಬನಿಗೆ ಯಾವ ರಾತ್ರಿ ತೆರೆಯುವದೋ ಎಂಬ ಭಯ. 2022ರಲ್ಲಿ ಆರಿಸಿಬಂದ ಶಾಸನಸಭೆಯ ಐದು ವರ್ಷಗಳ ಅವಧಿಯು 2027ರಲ್ಲಿ ತೀರುವದು. ಅದಕ್ಕೆ ಮೊದಲೇ ಆ ಅಳತೆಗೋಲು ಯಾವದೆಂಬುದನ್ನು ಲಂಡನ್ ಸರಕಾರವು ಬರವಣಿಗೆಯಲ್ಲಿ ಪ್ರಕಟಿಸತಕ್ಕದ್ದು.